ಮೊದಲ ಪರೀಕ್ಷೆಯೂ ಊರಿನ ಹೊಣೆಯೂ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಬಳಿ ಹರಿದುಹೋಗುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡಿ, ತಲಕಾಡಿನ ಮರಳನ್ನು ದಾಟಿ, ಶಿವನಸಮುದ್ರದಲ್ಲಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಕಾರ್ಯದ ಫಲವಾಗಿ, ಆ ನೀರಿನ ಬಲದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ೧೯೦೨ನೆಯ ಇಸವಿಯ ಜೂನ್ ತಿಂಗಳಲ್ಲಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ೧೯೦೮ರಲ್ಲಿ ಮೈಸೂರಿನಲ್ಲಿಯೂ ದೀಪಗಳು ಹೊತ್ತಿಕೊಂಡುವು. ನೀರು ನಮ್ಮ ಎರಡು ತಾಲ್ಲೂಕುಗಳನ್ನು ಹಾದುಹೋದದ್ದು. ಯಂತ್ರಗಳು ಹೊರದೇಶದಿಂದ ಬಂದುವು. ಅವುಗಳನ್ನು ನಿಲ್ಲಿಸಿ ನಡೆಯಿಸಿದವರೂ ಮೊದಮೊದಲು ಹೊರದೇಶದ ತಜ್ಞರೇ. ನಮ್ಮ ಹಳ್ಳಿಗಳಿಗೆ ಬೆಳಕು ಬಂದದ್ದು ಬಹುಕಾಲದ ಮೇಲೆ. ಆ ಬೆಳಕನ್ನು ಅರಿತು ಆಳತಕ್ಕ ಕೈಗಳು ನಮ್ಮಲ್ಲಿ ಸಿದ್ಧವಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಈಗ ವಿದ್ಯುತ್ತಿಲ್ಲದ ಮನೆಯನ್ನು ಹುಡುಕಬೇಕು. ಆದುದರಿಂದ ಇಂದಿನ ಪ್ರಶ್ನೆ ತಂತಿ ಬಂದಿತೇ ಎಂಬುದಲ್ಲ. ತಂತಿಯನ್ನು ಮುಟ್ಟುವ ಕೈ ಎಂಥದು ಎಂಬುದು. ಈ ಎರಡು ತಾಲ್ಲೂಕುಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಅನೇಕ ಬಾಲಕರು, ಈಚೆಗೆ ಕೆಲವರು ಬಾಲಕಿಯರೂ, ಐ.ಟಿ.ಐ. ಸೇರಿ ಎಲೆಕ್ಟ್ರೀಷಿಯನ್ ವೃತ್ತಿಯನ್ನು ಎರಡು ವರ್ಷಗಳ ಕಾಲ ಅಭ್ಯಾಸಮಾಡುತ್ತಾರೆ. ಮೊದಲ ವರ್ಷದ ಕೊನೆಗೆ ಅವರು ಒಂದು ಹಲಗೆಯ ಮುಂದೆ, ಒಬ್ಬ ಪರೀಕ್ಷಕನ ಕಣ್ಣಿನ ಕೆಳಗೆ, ತಮ್ಮ ಕೈಯ ಅರ್ಹತೆಯನ್ನು ಮೊದಲ ಬಾರಿಗೆ ತೋರಿಸಬೇಕಾಗುತ್ತದೆ. ಆ ಪರೀಕ್ಷೆಗೆ ಅವರು ಹೇಗೆ ಸಿದ್ಧರಾಗಬೇಕು, ಆ ಸಿದ್ಧತೆಯಲ್ಲಿ ಪಟ್ಟಣಿಗರೂ ಉಪಾಧ್ಯಾಯರೂ ಆದವರ ಪಾಲೇನು ಎಂಬುದೇ ಇಲ್ಲಿಯ ವಿಚಾರ. ಹುಡುಗನು ಶಾಲೆಯಲ್ಲಿ ಕಲಿತದ್ದನ್ನು ಊರು ಮರೆಯಿಸುತ್ತಿದೆ ಎಂಬುದೇ ನಮ್ಮ ಆಕ್ಷೇಪಣೆ. ಕಾರಣಗಳನ್ನು ಮುಂದೆ ಹೇಳುವೆವು.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯವು ಗೊತ್ತುಮಾಡಿರುವ ಪಠ್ಯಕ್ರಮದ ಪ್ರಕಾರ ಲಿಖಿತ ವಿಷಯಗಳಲ್ಲಿ ತೇರ್ಗಡೆಗೆ ನೂರಕ್ಕೆ ೩೩ ಅಂಕಗಳು ಸಾಕು. ಕೈಕೆಲಸದ ಪರೀಕ್ಷೆಯಲ್ಲಿಯೂ ವರ್ಷವಿಡೀ ನಡೆಯುವ ಆಂತರಿಕ ಪರಿಶೀಲನೆಯಲ್ಲಿಯೂ ನೂರಕ್ಕೆ ೬೦ ಬರಬೇಕು. ವಾಚಕರು ಈ ಎರಡು ಸಂಖ್ಯೆಗಳನ್ನು ಒಂದು ಕ್ಷಣ ತೂಗಿ ನೋಡಬೇಕೆಂದು ಬೇಡುತ್ತೇವೆ. ಪುಸ್ತಕದ ವಿದ್ಯೆ ಮೂರರಲ್ಲೊಂದು ಪಾಲು ಬಂದರೂ ಕ್ಷಮಿಸಬಹುದು, ಕೈಯ ವಿದ್ಯೆ ಅರ್ಧ ಬಂದರೆ ಸಾಲದು ಎಂಬುದೇ ಇದರ ಅರ್ಥ. ಅಷ್ಟೇ ಅಲ್ಲ. ಹುಡುಗನು ಕಾರ್ಯಾಗಾರದಲ್ಲಿ ಮಾಡಿದ ಕೆಲಸ, ಅವನ ದಿನಚರಿ ಪುಸ್ತಕ, ಹಾಜರಿ, ಬಾಯಿಮಾತಿನ ಉತ್ತರ, ಸಾಮಾನನ್ನು ಪೋಲುಮಾಡದಿರುವಿಕೆ, ಸುರಕ್ಷತೆಯ ಅರಿವು, ಜೊತೆಯವರೊಡನೆ ಕೂಡಿ ದುಡಿಯುವ ಗುಣ, ಇವೆಲ್ಲವೂ ಎಣಿಕೆಗೆ ಬರುತ್ತವೆ. ಹೀಗಿರಲು ಕಡೆಯ ವಾರದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುವುದು ಯುದ್ಧಕಾಲದ ಶಸ್ತ್ರಾಭ್ಯಾಸವೇ ಸರಿ. ಈ ಪರೀಕ್ಷೆಯ ಸಿದ್ಧತೆ ಸೇರಿದ ದಿನವೇ ಮೊದಲಾಗುತ್ತದೆ, ಅಥವಾ ಮೊದಲಾಗುವುದೇ ಇಲ್ಲ.

ಈ ಪರೀಕ್ಷೆಯ ಹಿಂದೆ ಕಾನೂನೂ ನಿಂತಿದೆ. ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದ ೫೩ನೆಯ ಪ್ರಕರಣವು ಜನರ ಸುರಕ್ಷತೆಗಾಗಿ ನಿಯಮಗಳನ್ನು ಮಾಡುವ ಅಧಿಕಾರವನ್ನು ಕೊಟ್ಟಿದೆ. ಅದರಂತೆ ೨೦೧೦ರಲ್ಲಿಯೂ ಮತ್ತೆ ೨೦೨೩ರಲ್ಲಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರವು ನಿಯಮಗಳನ್ನು ಹೊರಡಿಸಿದೆ. ಅವುಗಳ ಸಾರ ಇಷ್ಟು: ಹೊಸ ವೈರಿಂಗ್ ಆಗಲಿ, ಇದ್ದುದನ್ನು ಹೆಚ್ಚಿಸುವುದಾಗಲಿ, ಬದಲಿಸುವುದಾಗಲಿ, ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ, ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿ, ಅನುಮತಿಪತ್ರವುಳ್ಳ ಕೆಲಸಗಾರನಿಂದಲೇ ನಡೆಯತಕ್ಕದ್ದು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಇದ್ದಂತೆಯೇ ಬದಲಿಸುವುದಕ್ಕೆ ಮಾತ್ರ ವಿನಾಯಿತಿಯುಂಟು. ನಮ್ಮ ರಾಜ್ಯದಲ್ಲಿ ಈ ಪತ್ರಗಳ ವ್ಯವಹಾರ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದ್ದು. ಐ.ಟಿ.ಐ.ಯ ಮೊದಲ ಪರೀಕ್ಷೆಯು ಆ ಅನುಮತಿಪತ್ರದ ದಾರಿಯಲ್ಲಿ ಮೊದಲ ಮೆಟ್ಟಿಲು. ಆದರೆ ನಮ್ಮ ಜನರು ಈ ವಿನಾಯಿತಿಯ ಸಣ್ಣ ಬಾಗಿಲಿನಿಂದ ಇಡೀ ಮನೆಯ ವೈರಿಂಗನ್ನೇ ಒಳಗೆ ಸೇರಿಸಿಬಿಟ್ಟಿದ್ದಾರೆ.

ಇನ್ನು ಸಿದ್ಧತೆಯ ತಿರುಳಿಗೆ ಬರೋಣ. ವಕೀಲಿ ವೃತ್ತಿಯಲ್ಲಿರುವ ನಮಗೆ ಒಂದು ಹೋಲಿಕೆ ಬೇಗ ಹೊಳೆಯುತ್ತದೆ. ನ್ಯಾಯಾಲಯದಲ್ಲಿ ಅಪರಾಧವು ರುಜುವಾಗುವ ತನಕ ಮನುಷ್ಯನನ್ನು ನಿರಪರಾಧಿಯೆಂದು ಭಾವಿಸಬೇಕು. ತಂತಿಯ ವಿಷಯದಲ್ಲಿ ನ್ಯಾಯ ತಿರುಗುಮುರುಗು: ಸತ್ತಿದೆಯೆಂದು ರುಜುವಾಗುವ ತನಕ ಪ್ರತಿಯೊಂದು ತಂತಿಯೂ ಜೀವಂತ. ರುಜುವಾತಿನ ಭಾರ ಮುಟ್ಟುವವನ ಮೇಲೆ. ಸಾಕ್ಷಿಯ ಕ್ರಮವೂ ಗೊತ್ತಾಗಿದೆ. ಮೊದಲು ಮೈನನ್ನು ಆರಿಸಬೇಕು. ಬೇರೊಬ್ಬನು ಬಂದು ಹಾಕದಂತೆ ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು, ಇಲ್ಲವೆ ಬೀಗ ಹಾಕಿ ಎಚ್ಚರಿಕೆಯ ಫಲಕವನ್ನು ತೂಗಹಾಕಬೇಕು. ಆಮೇಲೆ ಟೆಸ್ಟರನ್ನೋ ಪರೀಕ್ಷಾ ದೀಪವನ್ನೋ ಜೀವಂತವೆಂದು ಬಲ್ಲ ಕಡೆಯಲ್ಲಿ ಇಟ್ಟು ಅದು ಸರಿಯಾಗಿದೆಯೆಂದು ನೋಡಬೇಕು. ಅನಂತರ ಕೆಲಸದ ತಂತಿಗೆ ಇಡಬೇಕು. ಮತ್ತೊಮ್ಮೆ ಜೀವಂತ ಕಡೆಗೆ ಇಟ್ಟು, ಈ ನಡುವೆ ಟೆಸ್ಟರೇ ಸತ್ತಿಲ್ಲವೆಂದು ದೃಢಪಡಿಸಿಕೊಳ್ಳಬೇಕು. ಇಷ್ಟಾದ ಮೇಲೆಯೇ ಕೈ.

ಮೂರು ಸಲ ಏಕೆ ನೋಡಬೇಕು ಎಂದು ಕೇಳುವವರುಂಟು. ನಿಯಾನ್ ದೀಪದ ಟೆಸ್ಟರು ಹಿಡಿದವನ ಮೈಮೂಲಕ ನೆಲಕ್ಕೆ ಹರಿಯುವ ಅತ್ಯಲ್ಪ ಪ್ರವಾಹದಿಂದ ಹೊತ್ತುವಂಥದು. ಅವನು ಒಣ ಮರದ ಮೇಜಿನ ಮೇಲೆ ನಿಂತಿದ್ದರೆ ಅದು ಮಂಕಾಗಬಹುದು, ಹೊತ್ತದೆಯೂ ಇರಬಹುದು. ದೀಪ ಕೆಟ್ಟಿದ್ದರಂತೂ ಜೀವಂತ ತಂತಿಯೂ ಸತ್ತಂತೆ ತೋರುತ್ತದೆ. ಒಬ್ಬನೇ ಸಾಕ್ಷಿ, ಅವನೂ ಸುಳ್ಳುಗಾರನಿರಬಹುದಾದರೆ, ಅವನ ಮಾತನ್ನು ಹಿಂದೆ ಮುಂದೆ ಪರೀಕ್ಷಿಸದೆ ನಂಬುವ ವಕೀಲನುಂಟೇ? ಮೇಲಾಗಿ ಈಗ ಮನೆಮನೆಗೂ ಯು.ಪಿ.ಎಸ್. ಬಂದಿದೆ. ಮೈನನ್ನು ಆರಿಸಿದರೂ ಬ್ಯಾಟರಿಯಿಂದ ಕೆಲವು ಕೋಣೆಗಳ ತಂತಿಗಳು ಜೀವಂತವಾಗಿಯೇ ಇರುತ್ತವೆ. ಹಳೆಯ ಕಾಲದ ಕೆಲಸಗಾರನಿಗೆ ಇಲ್ಲದಿದ್ದ ಈ ಅಪಾಯವನ್ನು ಇಂದಿನ ಹುಡುಗನು ಮೊದಲ ದಿನವೇ ಅರಿಯಬೇಕು.

ಇದರ ಮುಂದಿನದು ಕೆಲಸದ ಅಚ್ಚುಕಟ್ಟು. ಮಹಡಿಯ ಮೆಟ್ಟಿಲ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ಹೊತ್ತಿಸಿ ಆರಿಸುವಂತೆ ಎರಡು ಸ್ವಿಚ್ಚುಗಳಿಂದ ವೈರಿಂಗ್ ಮಾಡುವುದು ಮೊದಲ ವರ್ಷದ ಪ್ರಸಿದ್ಧ ಪಾಠ. ಹಲಗೆಯ ಮೇಲೆ ದೀಪ ಹೊತ್ತಿದ ಮಾತ್ರಕ್ಕೆ ಹುಡುಗನು ಗೆದ್ದನೆಂದು ಎಣಿಸಬಾರದು. ಫೇಸಿನ ತಂತಿ ಸ್ವಿಚ್ಚಿನ ಮೂಲಕ ಹೋಗಿದೆಯೇ, ನ್ಯೂಟ್ರಲ್ ಹೋಗಿದೆಯೇ? ನ್ಯೂಟ್ರಲನ್ನು ಸ್ವಿಚ್ಚಿಗೆ ಕೊಟ್ಟರೂ ದೀಪ ಹೊತ್ತುತ್ತದೆ, ಆರುತ್ತದೆ. ಆದರೆ ಆರಿದಾಗಲೂ ಹೋಲ್ಡರಿನಲ್ಲಿ ವಿದ್ಯುತ್ತು ಕಾದುಕೊಂಡಿರುತ್ತದೆ. ದೀಪ ಬದಲಿಸಲು ಸ್ಟೂಲು ಹತ್ತಿದ ಮನೆಯೊಡತಿಗೆ ಇದು ಗೊತ್ತಾಗುವುದು ಬೆರಳು ತಗುಲಿದ ಮೇಲೆ. ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ಥಿಂಗಿಗೆ ಎಂಬ ಬಣ್ಣದ ಕಟ್ಟಳೆಯು ಅಲಂಕಾರಕ್ಕಾಗಿ ಬಂದುದಲ್ಲ. ಇಂದು ವೈರಿಂಗ್ ಮಾಡಿದವನು, ಹತ್ತು ವರ್ಷಗಳ ತರುವಾಯ ಅದೇ ಪೆಟ್ಟಿಗೆಯನ್ನು ಬಿಚ್ಚುವ ಅಪರಿಚಿತನಿಗೆ ಬರೆದಿಟ್ಟ ಪತ್ರ ಅದು. ಕಪ್ಪು ತಂತಿ ಮುಗಿಯಿತೆಂದು ಕೆಂಪನ್ನೇ ನ್ಯೂಟ್ರಲಿಗೆ ಎಳೆದವನು ಆ ಪತ್ರದಲ್ಲಿ ಸುಳ್ಳು ಬರೆದಂತೆ.

ಕೆಲಸ ಮುಗಿಯಿತೆಂದು ಒಡನೆಯೇ ವಿದ್ಯುತ್ತನ್ನು ಬಿಡತಕ್ಕದ್ದಲ್ಲ. ತಂತಿ ಕಡಿಯದೆ ಉದ್ದಕ್ಕೂ ಸಾಗಿದೆಯೇ, ಫೇಸು ನ್ಯೂಟ್ರಲುಗಳು ತಮ್ಮ ತಮ್ಮ ಸ್ಥಾನದಲ್ಲಿವೆಯೇ, ಅರ್ಥಿಂಗ್ ಗಟ್ಟಿಯಾಗಿದೆಯೇ ಎಂದು ನೋಡಿದ ಮೇಲೆ ಮೆಗ್ಗರಿನಿಂದ ೫೦೦ ವೋಲ್ಟನ್ನು ಒಂದು ನಿಮಿಷ ಕೊಟ್ಟು, ಫೇಸಿಗೂ ನೆಲಕ್ಕೂ ನಡುವಣ ತಡೆ ಒಂದು ಮೆಗಾಓಮಿಗಿಂತ ಕಡಮೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪರೀಕ್ಷಕನು ಇಲ್ಲಿ ಕೇಳುವ ಪ್ರಶ್ನೆ ಎಷ್ಟು ಎಂಬುದಕ್ಕಿಂತ ಏಕೆ ಎಂಬುದು. ಎಂ.ಸಿ.ಬಿ. ಇದ್ದಮೇಲೆ ಆರ್.ಸಿ.ಸಿ.ಬಿ. ಏಕೆ? ಎಂ.ಸಿ.ಬಿ. ಕಾಯುವುದು ತಂತಿಯನ್ನು, ಆರ್.ಸಿ.ಸಿ.ಬಿ. ಕಾಯುವುದು ಮನುಷ್ಯನನ್ನು. ಒದ್ದೆ ಮೈಯ ಮನುಷ್ಯನ ತಡೆ ೧,೦೦೦ ಓಮಿನಷ್ಟೆಂದು ಇಟ್ಟುಕೊಂಡರೆ, ೨೩೦ ವೋಲ್ಟಿಗೆ ಅವನಲ್ಲಿ ಹರಿಯುವ ಪ್ರವಾಹ ಆಂಪಿಯರಿನ ಕಾಲು ಪಾಲಿಗೂ ತುಸು ಕಡಮೆ. ಹೃದಯವನ್ನು ನಿಲ್ಲಿಸಲು ಅದು ಧಾರಾಳವಾಗಿ ಸಾಕು. ೧೬ ಆಂಪಿಯರಿನ ಎಂ.ಸಿ.ಬಿ.ಗೆ ಅದು ತಿಳಿಯುವುದೂ ಇಲ್ಲ. ಆಂಪಿಯರಿನ ನೂರರಲ್ಲಿ ಮೂರು ಪಾಲು, ಎಂದರೆ ೩೦ ಮಿಲಿಆಂಪಿಯರ್, ಸೋರಿದರೆ ಸಾಕು, ಆರ್.ಸಿ.ಸಿ.ಬಿ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಡಿದುಬಿಡುತ್ತದೆ. ಈ ವ್ಯತ್ಯಾಸವನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಬಲ್ಲ ಹುಡುಗನು ಪುಸ್ತಕವನ್ನು ಮರೆತರೂ ತೇರ್ಗಡೆಯಾಗುತ್ತಾನೆ.

ಹಾಗಾದರೆ ತೊಂದರೆಯೆಲ್ಲಿ? ಕಾರ್ಯಾಗಾರದಲ್ಲಿ ಇಷ್ಟನ್ನೂ ಕಲಿತ ಹುಡುಗನು ಸಂಜೆ ಐದಕ್ಕೆ ಊರಿಗೆ ಬರುತ್ತಾನೆ. ಬಡವರ ಮಕ್ಕಳು, ನಾಲ್ಕು ಕಾಸು ಸಂಪಾದಿಸಬೇಕು. ಯಾರೋ ಹಳೆಯ ಕೆಲಸಗಾರನ ಹಿಂದೆ ಕೈಯಾಳಾಗಿ ಹೋಗುತ್ತಾನೆ. ಅಲ್ಲಿ ಮನೆಯೊಡತಿಯು, "ಮೈನ್ ಆಫ್ ಮಾಡಬೇಡಪ್ಪ, ಫ್ರಿಜ್ಜಿನಲ್ಲಿ ಹಾಲಿದೆ, ಹಾಗೇ ಹಾಕಿಬಿಡು" ಎನ್ನುತ್ತಾಳೆ. ಯಜಮಾನನು, "ಅರ್ಥಿಂಗ್ ಗುಂಡಿ ಗಿಂಡಿ ಈಗ ಬೇಡ ಮರಿ, ಆಮೇಲೆ ನೋಡೋಣ" ಎನ್ನುತ್ತಾನೆ. ಅಂಗಡಿಯವನು ಪದೇಪದೇ ಹಾರುವ ಫ್ಯೂಸಿಗೆ ದಪ್ಪ ತಂತಿಯನ್ನು ಕಟ್ಟಿಸುತ್ತಾನೆ. ಮೂರು ಕಡ್ಡಿಯ ಪ್ಲಗ್ಗಿನಿಂದ ಮೂರನೆಯದನ್ನು ಕೀಳಿಸುತ್ತಾನೆ. "ಆಫ್ ಮಾಡಲೇಬೇಕಮ್ಮ" ಎಂದ ಹುಡುಗನನ್ನು ಪುಕ್ಕಲನೆನ್ನುತ್ತಾರೆ. ಜೀವಂತ ತಂತಿಯನ್ನು ಬರಿಗೈಯಲ್ಲಿ ಜೋಡಿಸಿದವನನ್ನು ಗಟ್ಟಿಗನೆಂದು ಕೊಂಡಾಡುತ್ತಾರೆ. ಹೀಗೆ ಹಗಲು ಶಾಲೆಯಲ್ಲಿ ಕಟ್ಟಿದ ಗೋಡೆಯನ್ನು ಸಂಜೆ ಊರು ಕೆಡವುತ್ತದೆ. ಪರೀಕ್ಷೆಯ ದಿನ ಅದೇ ಹುಡುಗನು ಅಭ್ಯಾಸಬಲದಿಂದ ಮೈನನ್ನು ಆರಿಸದೆ ಸ್ಕ್ರೂಡ್ರೈವರನ್ನು ಹಿಡಿದರೆ, ಅಂಕವನ್ನು ಕಳೆದವನು ಪರೀಕ್ಷಕನೇ, ನಾವೇ?

ಗದ್ದೆಯ ಕಡೆಗೆ ಹೋದರೆ ಸ್ಥಿತಿ ಇನ್ನೂ ಕಠಿಣ. ಪಂಪ್‌ಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ಬರುವುದು ಗೊತ್ತಾದ ಕೆಲವೇ ಗಂಟೆಗಳು, ಅದೂ ಎಷ್ಟೋ ಸಲ ರಾತ್ರಿಯಲ್ಲಿ. ಬಂದಾಗ ಸ್ಟಾರ್ಟರು ಕೈಕೊಟ್ಟರೆ ನೀರು ತಪ್ಪಿತು. ರೈತನು ಆತುರದಲ್ಲಿ ಒದ್ದೆ ಕಾಲಿನಲ್ಲಿಯೇ ಪೆಟ್ಟಿಗೆ ತೆಗೆಯುತ್ತಾನೆ, ಇಲ್ಲವೆ ಟಿ.ಸಿ.ಯ ಫ್ಯೂಸು ಹೋಗಿದೆಯೆಂದು ತಾನೇ ಕಂಬದ ಬಳಿಗೆ ಹೋಗುತ್ತಾನೆ, ಇಲ್ಲವೆ ಐ.ಟಿ.ಐ. ಓದುವ ನೆರೆಮನೆಯ ಹುಡುಗನನ್ನು ಕರೆಯುತ್ತಾನೆ. ಪಕ್ಕದ ಮನೆಯ ದೊಡ್ಡಪ್ಪ ಕರೆದರೆ ಆಗದು ಎನ್ನುವ ಧೈರ್ಯ ಹದಿನೆಂಟರ ಹುಡುಗನಿಗೆ ಎಲ್ಲಿಂದ ಬರಬೇಕು? ಕಂಬವೂ ಟಿ.ಸಿ.ಯೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದುವು. ಅವುಗಳನ್ನು ಮುಟ್ಟುವ ಅಧಿಕಾರ ಅದರ ಪವರ್‌ಮ್ಯಾನನಿಗೆ, ಅದೂ ಲೈನ್ ಕ್ಲಿಯರ್ ಪಡೆದ ಮೇಲೆ. ೧೯೧೨ಕ್ಕೆ ದೂರವಾಣಿ ಮಾಡಿ ಕಾಯಬೇಕು. ಕಾಯುವುದು ಕಷ್ಟವೆಂದು ನಾವು ಬಲ್ಲೆವು. ನಿಗಮದವರು ಬೇಗ ಬರುವಂತಾಗಬೇಕೆಂಬುದೂ ನ್ಯಾಯವಾದ ಬೇಡಿಕೆಯೇ. ಆದರೆ ಒಂದು ಮಡಿಯ ನೀರಿಗೆ ಒಂದು ಮನೆಯ ಮಗನನ್ನು ಒತ್ತೆಯಿಡುವುದು ಯಾವ ಲೆಕ್ಕದಿಂದಲೂ ಲಾಭದ ವ್ಯಾಪಾರವಲ್ಲ.

ನಮ್ಮ ಎರಡು ಪಟ್ಟಣಗಳ ಪರಿಸ್ಥಿತಿಯೇ ಅಭ್ಯಾಸಿಗೆ ಒಂದು ಸೌಕರ್ಯವನ್ನು ಒದಗಿಸಿದೆ. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವುಂಟು. ಅಲ್ಲಿಯ ಹುಡುಗನು ಪ್ಯಾನಲುಗಳನ್ನೂ ದೊಡ್ಡ ಮೋಟಾರುಗಳನ್ನೂ ಬೀಗ ಹಾಕಿ ಫಲಕ ತೂಗುವ ಕಟ್ಟಳೆಯನ್ನೂ ಕಣ್ಣಾರೆ ಕಾಣಬಲ್ಲನು. ನರಸೀಪುರದ ಕಡೆ ಬತ್ತದ ಗದ್ದೆ, ನಾಲೆ, ಪಂಪ್‌ಸೆಟ್ಟುಗಳು. ಅಲ್ಲಿಯ ಹುಡುಗನು ತೇವದ ನೆಲದಲ್ಲಿ ವಿದ್ಯುತ್ತು ಹೇಗೆ ವರ್ತಿಸುತ್ತದೆಂದು ಬಲ್ಲನು. ಒಬ್ಬನ ವಿದ್ಯೆ ಇನ್ನೊಬ್ಬನಿಗೆ ಇಲ್ಲ. ಪರೀಕ್ಷೆಗೆ ಮುನ್ನ ಇವರನ್ನು ಅವರಲ್ಲಿಗೂ ಅವರನ್ನು ಇವರಲ್ಲಿಗೂ ಒಂದೆರಡು ದಿನ ಕರೆದೊಯ್ದರೆ ವೆಚ್ಚ ಬಸ್ಸಿನ ಛಾರ್ಜು ಮಾತ್ರ, ಲಾಭ ಜನ್ಮಾವಧಿ. ಐದು ಅಶ್ವಶಕ್ತಿಯ ಪಂಪನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಶ್ವಶಕ್ತಿಗೆ ೭೪೬ ವ್ಯಾಟಿನಂತೆ ೩,೭೩೦ ವ್ಯಾಟ್. ಮೋಟಾರಿನ ದಕ್ಷತೆ ನೂರಕ್ಕೆ ೮೫ ಆದರೆ ಒಳಗೆ ಹೋಗಬೇಕಾದುದು ಸುಮಾರು ೪,೩೮೮ ವ್ಯಾಟ್. ೪೧೫ ವೋಲ್ಟಿನಲ್ಲಿ, ಪವರ್ ಫ್ಯಾಕ್ಟರ್ ೦.೮ ಆದರೆ, ಪ್ರತಿ ತಂತಿಯಲ್ಲಿ ಸುಮಾರು ೭.೬ ಆಂಪಿಯರ್. ನೇರವಾಗಿ ಹೊರಡಿಸಿದರೆ ಮೊದಲ ಕ್ಷಣದಲ್ಲಿ ಅದರ ಆರು ಪಟ್ಟು, ಎಂದರೆ ಸುಮಾರು ೪೬ ಆಂಪಿಯರಿನವರೆಗೆ ಏರಬಹುದು. ಮೋಟಾರಿನ ಪಾಠ ಎರಡನೆಯ ವರ್ಷದ್ದಾದರೂ, ಈ ಲೆಕ್ಕವನ್ನು ಗದ್ದೆಯ ಬದುವಿನ ಮೇಲೆ ನಿಂತು ಒಮ್ಮೆ ಮಾಡಿದವನು ಸ್ಟಾರ್ಟರು ಏಕೆ ಬೇಕು, ಒಂದು ಫೇಸು ಹೋದರೆ ವೈಂಡಿಂಗ್ ಏಕೆ ಸುಡುತ್ತದೆ ಎಂಬುದನ್ನು ಎಂದಿಗೂ ಮರೆಯನು.

ಜಾತ್ರೆಗಳೂ ಪಾಠಶಾಲೆಗಳೇ. ನಂಜನಗೂಡಿನ ಪಂಚ ಮಹಾರಥಗಳು ಬೀದಿಗಿಳಿಯುವಾಗ ಹಾದಿಗೆ ಅಡ್ಡವಾದ ತಂತಿಗಳ ವಿಚಾರವೂ, ೧೯೮೯ರಲ್ಲಿ ಮೊದಲಾಗಿ ೨೦೨೫ರ ಫೆಬ್ರವರಿಯಲ್ಲಿಯೂ ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳದಂಥ ನೆರವಿಯಲ್ಲಿ ಒದ್ದೆ ಮರಳಿನ ಮೇಲೆ ತಾತ್ಕಾಲಿಕ ದೀಪಗಳನ್ನು ಹಾಕುವ ವಿಚಾರವೂ ಅಭ್ಯಾಸಿಗೆ ತಿಳಿದಿರಬೇಕು. ಮೂರು ದಿನದ ಕೆಲಸವೆಂದು ಜೋಡಣೆಗೆ ಟೇಪು ಸುತ್ತಿ ನೆಲದ ಮೇಲೆ ಎಳೆದ ವೈರು, ಸಾವಿರಾರು ಬರಿಗಾಲುಗಳು ನಡೆಯುವ ತೀರದಲ್ಲಿ ಮೂವತ್ತು ವರ್ಷದ ಮನೆಯ ವೈರಿಂಗಿಗಿಂತ ಹೆಚ್ಚು ಅಪಾಯದ್ದು. ತಾತ್ಕಾಲಿಕವೆಂಬ ಮಾತು ಕೆಲಸಕ್ಕೆ ಸಲ್ಲುತ್ತದೆ, ಎಚ್ಚರಕ್ಕೆ ಸಲ್ಲದು.

ಭಾಷೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಕನ್ನಡದಲ್ಲಿ ಓದಿಬಂದ ಹುಡುಗನು ಬಾಯಿಪರೀಕ್ಷೆಯಲ್ಲಿ ತೊದಲುವುದು ಅನೇಕ ಸಲ ವಿದ್ಯೆ ಇಲ್ಲದೆ ಅಲ್ಲ, ಇಂಗ್ಲಿಷ್ ವಾಕ್ಯದ ಭಯದಿಂದ. ಫೇಸು, ನ್ಯೂಟ್ರಲ್, ಅರ್ಥಿಂಗ್, ಮೆಗ್ಗರ್ ಎಂಬ ಹೆಸರುಗಳು ಕೆಲಸದವರ ನಾಲಗೆಯಲ್ಲಿ ಬೇರೂರಿವೆ. ಅವುಗಳನ್ನು ಕಿತ್ತು ಯಾರಿಗೂ ತಿಳಿಯದ ಸಂಸ್ಕೃತ ಪದಗಳನ್ನು ನೆಡಬೇಕೆಂದು ನಾವು ಹೇಳುವವರಲ್ಲ. ಹೆಸರು ಯಾವುದಾದರೂ ಇರಲಿ, ಕಾರಣವು ಕನ್ನಡದಲ್ಲಿ ತಿಳಿದಿರಲಿ. "ಅರ್ಥಿಂಗ್ ಏಕೆ?" ಎಂದಾಗ, "ಇಸ್ತ್ರಿಪೆಟ್ಟಿಗೆಯ ಮೈಗೆ ಫೇಸು ತಗುಲಿದರೆ, ಆ ವಿದ್ಯುತ್ತಿಗೆ ನನ್ನ ಮೈಗಿಂತ ಸುಲಭವಾದ ದಾರಿ ಬೇಕು, ಆ ದಾರಿಯಲ್ಲಿ ಬಹಳ ಪ್ರವಾಹ ಹರಿದು ಫ್ಯೂಸು ಹಾರಬೇಕು" ಎಂದು ಹೇಳಬಲ್ಲವನು ವಿದ್ಯೆಯನ್ನು ಜೀರ್ಣಿಸಿಕೊಂಡವನು. ಅದನ್ನೇ ಇಂಗ್ಲಿಷಿನಲ್ಲಿ ಗಿಳಿಪಾಠ ಒಪ್ಪಿಸಿದವನು ಇನ್ನೂ ನುಂಗಿದವನು ಮಾತ್ರ. ಪರೀಕ್ಷಕರು ಅಭ್ಯರ್ಥಿಯನ್ನು ಅವನ ನುಡಿಯಲ್ಲಿಯೇ ಪ್ರಶ್ನಿಸಬೇಕೆಂಬುದು ನಮ್ಮ ವಿನಂತಿ. ಜೀವರಕ್ಷಣೆಯ ವಿದ್ಯೆಯನ್ನು ಪರಭಾಷೆಯ ತಕ್ಕಡಿಯಲ್ಲಿ ತೂಗಿದರೆ ತೂಕ ತಪ್ಪುತ್ತದೆ.

ಒಬ್ಬನಿಗೆ ಕರೆಂಟು ಹೊಡೆದಾಗ ಮಾಡತಕ್ಕದ್ದೂ ಈ ಪರೀಕ್ಷೆಯ ಭಾಗವೇ. ಮೊದಲು ವಿದ್ಯುತ್ತನ್ನು ಆರಿಸಬೇಕು. ಆರಿಸಲಾಗದಿದ್ದರೆ, ಮನೆಯ ವೈರಿಂಗಿನ ಮಟ್ಟಿಗೆ, ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಅವನನ್ನು ಬರಿಗೈಯಿಂದ ಹಿಡಿದರೆ ಬಿದ್ದವರು ಇಬ್ಬರಾಗುತ್ತಾರೆ. ಉಸಿರು ನಿಂತಿದ್ದರೆ ೧೦೮ಕ್ಕೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ರ ವೇಗದಲ್ಲಿ ಒತ್ತಬೇಕು. ಮೂವತ್ತು ಒತ್ತಿಗೆ ಎರಡು ಉಸಿರು. ವಿದ್ಯುತ್ತಿನ ಬೆಂಕಿಗೆ ನೀರು ಹೊಯ್ಯಬಾರದು. ಇದನ್ನು ಎಲೆಕ್ಟ್ರೀಷಿಯನ್ ಅಭ್ಯಾಸಿಗೆ ಮಾತ್ರವೇ ಏಕೆ ಕಲಿಸಬೇಕು? ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕಾದುದಿದು.

ನಮ್ಮ ವಾದಕ್ಕೆ ಎರಡು ಪ್ರತಿವಾದಗಳು ಬರುವುದುಂಟು. ಪರೀಕ್ಷೆಯನ್ನೇ ಕಾಣದ ಹಳೆಯ ಕೆಲಸಗಾರರು ಎಷ್ಟೋ ಜನ ಚೆನ್ನಾಗಿ ಕೆಲಸಮಾಡುತ್ತಿಲ್ಲವೇ ಎಂಬುದು ಒಂದು. ಮಾಡುತ್ತಾರೆ, ಅವರ ಅನುಭವಕ್ಕೆ ನಾವು ಕೈಮುಗಿಯುತ್ತೇವೆ. ಅಂಥವರ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿ ಉಂಟು. ಅವರು ಅದನ್ನು ಪಡೆಯಲಿ. ಆದರೆ ಬದುಕಿ ಉಳಿದ ಗಟ್ಟಿಗನನ್ನು ನಾವು ಕಣ್ಣಿಂದ ಕಾಣುತ್ತೇವೆ, ಉಳಿಯದವನನ್ನು ಕಾಣುವುದಿಲ್ಲ. ಆದುದರಿಂದ ಈ ಸಾಕ್ಷ್ಯ ಒಂದು ಪಕ್ಷದ್ದು ಮಾತ್ರ. ಇನ್ನೊಂದು ವಾದ, ಅರ್ಥಿಂಗು, ಆರ್.ಸಿ.ಸಿ.ಬಿ., ಪರವಾನಗಿಯ ಗುತ್ತಿಗೆದಾರ ಎಂದರೆ ಬಡವನ ಮನೆಗೆ ಖರ್ಚು ಹೆಚ್ಚು ಎಂಬುದು. ಖರ್ಚು ಹೆಚ್ಚು ನಿಜ. ಆದರೆ ಗೃಹಪ್ರವೇಶದ ದಿನ ಮನೆಯ ಮುಂದೆ ತೂಗುಹಾಕಿಸುವ ಬಣ್ಣದ ದೀಪಗಳ ಬಾಡಿಗೆಯನ್ನು ಕೊಡುವಾಗ ಈ ಲೆಕ್ಕ ನಮಗೆ ನೆನಪಾಗುವುದಿಲ್ಲವೇಕೆ?

ಜೀವ ಹೋದಮೇಲೆ ಕಾನೂನು ಮಾತನಾಡುತ್ತದೆ. ರಸ್ತೆಯಲ್ಲಿ ಕಡಿದುಬಿದ್ದಿದ್ದ ಜೀವಂತ ತಂತಿಯಿಂದ ಸತ್ತ ಸೈಕಲ್ ಸವಾರನೊಬ್ಬನ ಪ್ರಕರಣದಲ್ಲಿ, ವಿದ್ಯುತ್ತಿನಂಥ ಅಪಾಯಕರ ವಸ್ತುವನ್ನು ಒದಗಿಸುವವನು ತನ್ನ ಅಲಕ್ಷ್ಯ ರುಜುವಾಗದಿದ್ದರೂ ಹೊಣೆಗಾರನೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ವಿರುದ್ಧ ತೀರ್ಪಿತ್ತಿತು. ದೊಡ್ಡ ತೀರ್ಪು. ಆದರೆ ಪರಿಹಾರದ ಹಣವು ಮನೆಗೆ ಬರುತ್ತದೆ, ಮನುಷ್ಯನು ಬರುವುದಿಲ್ಲ. ಇಂಥ ದಾವೆಗಳಲ್ಲಿ ಏಳುವ ಪ್ರಶ್ನೆಗಳನ್ನು ನೋಡಿರಿ: ತಂತಿಯನ್ನು ಜೋಡಿಸಿದವರಾರು? ಮೈನನ್ನು ಆರಿಸಲಾಗಿತ್ತೇ? ಅರ್ಥಿಂಗ್ ಇತ್ತೇ? ಪರೀಕ್ಷಿಸಿ ನೋಡಿದ್ದರೇ? ನ್ಯಾಯಾಲಯವು ಸತ್ತಮೇಲೆ ಕೇಳುವ ಈ ಪ್ರಶ್ನೆಗಳನ್ನೇ ಪರೀಕ್ಷಕನು ಎಲ್ಲರೂ ಬದುಕಿರುವಾಗ ಕೇಳುತ್ತಾನೆ. ಇದಕ್ಕಿಂತ ದೊಡ್ಡ ಉಪಕಾರ ಯಾವುದು? ಪರೀಕ್ಷೆಯನ್ನು ಅಡ್ಡಗೋಡೆಯೆಂದು ಶಪಿಸುವ ಹುಡುಗನಿಗೆ ಹಿರಿಯರು ಈ ಮಾತನ್ನು ತಿಳಿಯಹೇಳಬೇಕು.

ಮಾತಿನಿಂದ ಕಾರ್ಯಕ್ಕೆ ಬರೋಣ. ಒಂದನೆಯದು, ಪ್ರೌಢಶಾಲೆಯ ವಿಜ್ಞಾನ ಮತ್ತು ಗಣಿತದ ಉಪಾಧ್ಯಾಯರು ವಾರಕ್ಕೊಂದು ಸಂಜೆ ತಮ್ಮ ಊರಿನ ಐ.ಟಿ.ಐ. ಅಭ್ಯಾಸಿಗಳನ್ನು ಕೂರಿಸಿಕೊಂಡು ಓಮನ ನಿಯಮ, ದಶಾಂಶ, ಶೇಕ್ಡಾ ಲೆಕ್ಕಗಳನ್ನು ಮಾಡಿಸಲಿ. ಹುಡುಗರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಎರಡನೆಯದು, ಪ್ರತಿಯೊಬ್ಬ ಗೃಹಸ್ಥನೂ ಕೆಲಸಗಾರನು ಬಂದಾಗ ತಾನೇ ಮೈನನ್ನು ಆರಿಸಿ, ಅನುಮತಿಪತ್ರವುಂಟೇ ಎಂದು ಸೌಜನ್ಯದಿಂದ ಕೇಳಲಿ. ಮೆಗ್ಗರು ಹಿಡಿದು ಪರೀಕ್ಷಿಸುವ ಅರ್ಧ ಗಂಟೆಗೂ ಕೂಲಿ ಕೊಡಲಿ. ಮೂರನೆಯದು, ಗುತ್ತಿಗೆದಾರರು ಅಭ್ಯಾಸಿಯನ್ನು ಜೀವಂತ ತಂತಿಯ ಕೆಲಸಕ್ಕೆ ಹಚ್ಚದೆ, ಅವನ ದಿನಚರಿ ಪುಸ್ತಕದಲ್ಲಿ ಬರೆಯಲು ಯೋಗ್ಯವಾದ ಕೆಲಸವನ್ನೇ ಕೊಡಲಿ. ನಾಲ್ಕನೆಯದು, ಕಾರ್ಖಾನೆಗಳವರು ೧೯೬೧ರ ಅಪ್ರೆಂಟಿಸ್ ಅಧಿನಿಯಮದ ಪ್ರಕಾರ ಶಿಶಿಕ್ಷುಗಳನ್ನು ಸೇರಿಸಿಕೊಳ್ಳುವಾಗ ನೆರೆಯ ತಾಲ್ಲೂಕುಗಳ ಹುಡುಗರನ್ನು ಮರೆಯದಿರಲಿ.

ಅಭ್ಯರ್ಥಿಗಳಾದ ತರುಣರಿಗೆ ನಮ್ಮ ಹಿತವಚನ ಚಿಕ್ಕದು. ಪರೀಕ್ಷೆಯ ಹಿಂದಿನ ದಿನ ಹೊಸದನ್ನು ಓದಬೇಡಿ. ಕೊಂಬು ಬಿರಿಯದ ಪ್ಲೈಯರು, ಹಿಡಿ ಒಡೆಯದ ಸ್ಕ್ರೂಡ್ರೈವರು, ಸರಿಯಾದ ಟೆಸ್ಟರು, ರಬ್ಬರ್ ಅಟ್ಟೆಯ ಪಾದರಕ್ಷೆ ಇವನ್ನು ಜೋಡಿಸಿಟ್ಟುಕೊಂಡು ಹೊತ್ತಿಗೆ ಮಲಗಿರಿ. ಬೆರಳಿನ ಉಂಗುರ, ಕೈಯ ಲೋಹದ ಬಳೆ, ಗಡಿಯಾರಗಳನ್ನು ಬಿಚ್ಚಿಡಿರಿ. ಹಲಗೆಯ ಮುಂದೆ ನಿಂತಾಗ ಮೊದಲು ಕಾಗದದ ಮೇಲೆ ಚಿತ್ರ ಬರೆಯಿರಿ, ಆಮೇಲೆ ತಂತಿ ಕತ್ತರಿಸಿರಿ. ಪಕ್ಕದವನು ಮುಗಿಸಿದನೆಂದು ಗಾಬರಿಯಾಗಬೇಡಿ. ವಿದ್ಯುತ್ತು ಕೊಡುವ ಮುನ್ನ ಪರೀಕ್ಷಕನ ಅಪ್ಪಣೆಯನ್ನು ಕೇಳಿರಿ. ತಿಳಿಯದ ಪ್ರಶ್ನೆಗೆ ತಿಳಿಯದೆನ್ನಿರಿ. ಊಹೆಯಿಂದ ಉತ್ತರ ಕೊಡುವವನು ನಾಳೆ ಊಹೆಯಿಂದಲೇ ತಂತಿಯನ್ನೂ ಮುಟ್ಟುವನೆಂದು ಅನುಭವಸ್ಥನಾದ ಪರೀಕ್ಷಕನು ಬಲ್ಲನು. ತಪ್ಪಿದರೆ ಮತ್ತೊಮ್ಮೆ ಕುಳಿತುಕೊಳ್ಳಿರಿ. ಪರೀಕ್ಷೆಯಲ್ಲಿ ಎರಡನೆಯ ಅವಕಾಶವುಂಟು, ಕಂಬದ ಮೇಲೆ ಇಲ್ಲ.

ಊರಿನವರಿಗೆ ಕಡೆಯದಾಗಿ ಒಂದೇ ಮಾತು. ಮುಂದಿನ ಬಾರಿ ಮನೆಗೆ ಬಂದ ಹುಡುಗನು, "ಮೈನ್ ಆಫ್ ಮಾಡಬೇಕು, ಸ್ವಲ್ಪ ಹೊತ್ತು ಕತ್ತಲಾಗುತ್ತದೆ" ಎಂದಾಗ ಗೊಣಗದೆ ಒಪ್ಪಿರಿ. ಆ ಅರ್ಧ ಗಂಟೆಯ ಕತ್ತಲೆಯೇ ಅವನ ಪರೀಕ್ಷೆಗೆ ಊರು ಕೊಡಬಹುದಾದ ಅತ್ಯುತ್ತಮ ಶಿಕ್ಷಣ.